ಗೋಣಿಯಲ್ಲಿ ಬಂದ ಟಾಂಜಾನಿಯಾ

ಹೇಮಾಕ್ಷಿ ಗೇರುಬೀಜದ ಕಾರ್ಖಾನೆಗೆ ಸೇರಿದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಒಡೆದ ಬೀಜದ ಮೇಲಿನ ಕೆಂಪು ಸಿಪ್ಪೆ ಸುಲಿಯುವ ಹೆಂಗಸರ ಸಾಲಿನಲ್ಲಿ, ಕಿಟಕಿಯ ಪಕ್ಕ, ಅವಳಿಗೊಂದು ಜಾಗ ಸಿಕ್ಕಿತು. ಮೂವತ್ತಾರು ವರ್ಷ ಅವಳು ಅದೇ ಜಾಗದಲ್ಲಿ ಕೂತಳು. ಕಿಟಕಿಯ ಹೊರಗಿದ್ದ ವಾಮಂಜೂರಿನ ಗದ್ದೆಗಳು ಮಾತ್ರ ಒಂದೊಂದಾಗಿ ಮನೆಗಳಾದವು, ಕಾಲೇಜುಗಳಾದವು, ಹುಡುಗಿಯರ ಹಾಸ್ಟೆಲುಗಳಾದವು.

ಅದೇ ಕಿಟಕಿಯಿಂದ ಅವಳು ಮೊದಲು ಯೋಗೀಶನನ್ನು ನೋಡಿದ್ದು. ಅವಳು ಸೇರಿ ಐದಾರು ವರ್ಷಕ್ಕೆ ಬಂದ ಗೋದಾಮಿನ ರೈಟರ್ ಅವನು. ಬಂದರಿನಿಂದ ಲಾರಿಯಲ್ಲಿ ಬರುವ ಗೋಣಿಗಳ ಮೇಲೆ ಯಾವ ದೇಶದ್ದು, ಯಾವ ತಿಂಗಳಿನದ್ದು ಎಂದು ಕಪ್ಪು ಬಣ್ಣದಲ್ಲಿ ಬರೆಯುವುದು ಅವನ ಕೆಲಸ. ಅಚ್ಚು ಹಾಕಿದಂಥ ಅಕ್ಷರ. ಸಾಲಿನ ಹೆಂಗಸರು ಅವನ ಅಕ್ಷರವನ್ನು ಹೊಗಳಿ ಹೇಮಾಕ್ಷಿಯ ಮುಖ ನೋಡುತ್ತಿದ್ದರು. ಎರಡು ವರ್ಷ ಹೀಗೇ ಕಳೆದ ಮೇಲೆ ಅವನು ಒಂದು ದಿನ ಕಿಟಕಿಯ ಹತ್ತಿರ ನಿಂತು, "ನಿಮ್ಮ ಮನೆಗೆ ನಮ್ಮ ಮಾವನನ್ನು ಕಳಿಸಬಹುದಾ?" ಎಂದು ಕೇಳಿದ. ಅವಳು ಸುಲಿಯುತ್ತಿದ್ದ ಬೀಜದಿಂದ ಕಣ್ಣೆತ್ತದೆ, "ಆದಿತ್ಯವಾರ ಕಳಿಸಿ, ಅಪ್ಪ ಇರ್ತಾರೆ" ಎಂದಳು. ಅವರ ಪ್ರೇಮವೆಂದರೆ ಅಷ್ಟೇ.

ಆಫ್ರಿಕದಿಂದ ಬರುವ ಗೋಣಿಗಳಲ್ಲಿ ಬೀಜದ ಜೊತೆಗೆ ಏನೇನೋ ಬರುತ್ತಿತ್ತು. ತೂಕಕ್ಕೆಂದು ಹಾಕಿದ ಕಲ್ಲು, ತುಕ್ಕು ಹಿಡಿದ ಬೋಲ್ಟು, ಒಮ್ಮೆ ಯಾವುದೋ ಮಗುವಿನ ಒಂಟಿ ಚಪ್ಪಲಿ. ಎರಡು ಸಾವಿರದ ಮೂರರ ಮಾರ್ಚಿನಲ್ಲಿ ಟಾಂಜಾನಿಯಾದ ಗೋಣಿಯೊಂದನ್ನು ಸುರಿದಾಗ ಮುಷ್ಟಿ ಗಾತ್ರದ ಒಂದು ಗೆಡ್ಡೆ ಉರುಳಿ ಬಿತ್ತು. ಮೈಗೆಲ್ಲ ಕಂದು ಕಾಗದದಂಥ ಪೊರೆ, ಪದರದ ಮೇಲೆ ಪದರ.

"ಅಲ್ಲಿಯ ನೀರುಳ್ಳಿ ಇರಬೇಕು ರೈಟರೇ, ಕೋಳಿ ಸಾರಿಗೆ ಆಯ್ತು" ಎಂದು ಲೋಡಿಂಗಿನವರು ನಕ್ಕರು.

ಯೋಗೀಶ ಮೂಸಿ ನೋಡಿದ. ನೀರುಳ್ಳಿಯ ವಾಸನೆ ಇರಲಿಲ್ಲ. ಬುತ್ತಿಯ ಚೀಲದಲ್ಲಿ ಹಾಕಿಕೊಂಡು ಸಂಜೆ ಮನೆಗೆ ತಂದ.

"ಎಂತ ಇದು?" ಹೇಮಾಕ್ಷಿ ಕೇಳಿದಳು.

"ಗೊತ್ತಿಲ್ಲ. ಆದರೆ ಜೀವ ಉಂಟು. ನೋಡು, ಅಡಿಯಲ್ಲಿ ಬೇರು ಬರಲಿಕ್ಕೆ ಜಾಗ ಮಾಡಿಕೊಂಡಿದೆ."

ಅವನು ಅದನ್ನು ಅಂಗಳದಲ್ಲಿ, ದಾಸವಾಳದ ಪಕ್ಕ ನೆಟ್ಟ. ಜೂನಿನಲ್ಲಿ ಮಳೆ ಹಿಡಿಯಿತು. ಹತ್ತು ದಿನ ಬಿಡದೆ ಸುರಿದ ಮೇಲೆ ಬೆರಳಿನಿಂದ ಒತ್ತಿ ನೋಡಿದರೆ ಗೆಡ್ಡೆಯ ಒಂದು ಬದಿ ಮೆತ್ತಗಾಗಿತ್ತು. ಅವನು ಗಾಬರಿಯಿಂದ ಕಿತ್ತು, ಕೊಳೆತದ್ದನ್ನು ಬ್ಲೇಡಿನಲ್ಲಿ ಕೆರೆದು ತೆಗೆದು, ಗಾಯಕ್ಕೆ ಬೂದಿ ಹಚ್ಚಿ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಟ್ಟ. ಮೂರು ವಾರ ಬಿಟ್ಟು ಮುರಕಲ್ಲಿನ ಹುಡಿ ಮತ್ತು ಹೊಳೆಯ ಹೊಯಿಗೆ ಬೆರೆಸಿ ಮಣ್ಣಿನ ಚಟ್ಟಿಯಲ್ಲಿ ನೆಟ್ಟ. ಅರ್ಧ ಗೆಡ್ಡೆ ಮಣ್ಣಿನ ಮೇಲೆ, ಚಟ್ಟಿ ಮನೆಯ ಮಾಡಿನ ಕೆಳಗೆ. ಅಂದಿನಿಂದ ಮಳೆಯ ಒಂದು ಹನಿ ಅದರ ಮೇಲೆ ನೇರವಾಗಿ ಬೀಳಲು ಅವನು ಬಿಡಲಿಲ್ಲ.

ಆಗಸ್ಟಿನಲ್ಲಿ ಎಲೆ ಬಂತು. ಎಲ್ಲಾ ಗಿಡಗಳಂತೆ ಸುತ್ತಲೂ ಅಲ್ಲ, ಎಡಕ್ಕೊಂದು ಬಲಕ್ಕೊಂದು, ಎರಡೇ ಸಾಲಿನಲ್ಲಿ, ಬಿಡಿಸಿದ ಬೀಸಣಿಗೆಯ ಹಾಗೆ. ಮಗಳು ಮೋಕ್ಷಾ ಆಗ ಎಂಟು ವರ್ಷದವಳು. "ಪಪ್ಪ, ಟಾಂಜಾನಿಯಾ ಬಂತು" ಎಂದು ಕುಣಿದಳು. ಅದೇ ಹೆಸರು ಉಳಿಯಿತು. ಡಿಸೆಂಬರಿನಲ್ಲಿ ಎಲೆಗಳು ಒಣಗಿ ಉದುರಿ, ಮತ್ತೆ ಬರಿಯ ಗೆಡ್ಡೆ. ಒಣಗಿ ಸಾಯುತ್ತದೆಂದು ಹೇಮಾಕ್ಷಿ ನೀರು ಹಾಕಲು ಹೋದರೆ ಅವನು ತಂಬಿಗೆ ಹಿಡಿದುಕೊಂಡ.

"ಮಲಗಿದೆ ಅದು. ಎಬ್ಬಿಸಬೇಡ."

ಹೀಗೆ ವರ್ಷಗಳು ಹೋದವು. ಹೂವಿಲ್ಲ, ಮರಿಯಿಲ್ಲ. ಮಳೆಗಾಲದಲ್ಲಿ ಬೀಸಣಿಗೆ, ಬೇಸಿಗೆಯಲ್ಲಿ ಕಾಗದ ಸುತ್ತಿದ ಗೆಡ್ಡೆ. ಹೇಮಾಕ್ಷಿಗೆ ಅದರ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಮುಡಿಯಲು ಹೂ ಕೊಡುವ ಅಬ್ಬಲಿಗೆ, ಪದಾರ್ಥಕ್ಕಾಗುವ ಬಸಳೆ, ಇವು ಅವಳ ಗಿಡಗಳು. ಆದರೆ ಸಂಜೆ ಕೆಲಸದಿಂದ ಬಂದವನು ಬಟ್ಟೆ ಬದಲಿಸುವ ಮೊದಲು ಆ ಚಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂರುವುದನ್ನು ಅಡುಗೆಮನೆಯ ಬಾಗಿಲಿನಿಂದ ನೋಡುವುದು ಅವಳಿಗೆ ಅಭ್ಯಾಸವಾಗಿತ್ತು. ಅವನು ಎದ್ದ ಮೇಲೆಯೇ ಅವಳು ಚಾಕ್ಕೆ ನೀರಿಡುತ್ತಿದ್ದದ್ದು.

ಮೋಕ್ಷಾ ಪಿಯುಸಿಗೆ ಹೋದಾಗ ಆಗ್ನೆಸ್ ಎಂಬವರು ಅವಳಿಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಕಂಕನಾಡಿಯವರು, ಮದುವೆಯಾಗದವರು, ನಿವೃತ್ತಿಗೆ ಹತ್ತಿರವಿದ್ದವರು. ಮಗಳು ತೋರಿಸಿದ ಗಿಡದ ಫೋಟೋ ನೋಡಿ ಮುಂದಿನ ಶನಿವಾರವೇ ಬಸ್ಸು ಹಿಡಿದು ವಾಮಂಜೂರಿಗೆ ಬಂದರು. ಚಟ್ಟಿಯ ಸುತ್ತ ಎರಡು ಸುತ್ತು ಬಂದು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಇದು ಬೂಫೋನೆ, ಆಫ್ರಿಕದ ಗೆಡ್ಡೆ. ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದು. ಈ ಮಳೆಯಲ್ಲಿ ಇದನ್ನು ಒಂಬತ್ತು ವರ್ಷ ಉಳಿಸಿದ್ದು ಹೇಗೆ ನೀವು?"

"ಏನೂ ಮಾಡಲಿಲ್ಲ ಟೀಚರ್. ನೀರು ಹಾಕದೆ ಸುಮ್ಮನೆ ಬಿಟ್ಟದ್ದು" ಎಂದ ಯೋಗೀಶ. ಅವನ ಕಿವಿ ಕೆಂಪಾದದ್ದನ್ನು ಹೇಮಾಕ್ಷಿ ಕಂಡಳು.

ಹೊರಡುವ ಮೊದಲು ಟೀಚರ್ ಗಂಭೀರವಾಗಿ ಇನ್ನೊಂದು ಮಾತು ಹೇಳಿದರು. ಈ ಗೆಡ್ಡೆ ವಿಷ. ಅಲ್ಲಿಯ ಬೇಟೆಗಾರರು ಇದರ ರಸವನ್ನು ಬಾಣದ ತುದಿಗೆ ಹಚ್ಚುತ್ತಿದ್ದರಂತೆ. ತಿಂದ ದನ ಉಳಿಯುವುದಿಲ್ಲ. ಅಂದು ಸಂಜೆಯೇ ಯೋಗೀಶ ಒಂದು ತಗಡಿನ ತುಂಡಿನ ಮೇಲೆ ಗೋಣಿಗೆ ಬರೆಯುವ ಕಪ್ಪು ಬಣ್ಣದಲ್ಲಿ "ವಿಷ. ಮುಟ್ಟಬಾರದು" ಎಂದು ಬರೆದು ಚಟ್ಟಿಗೆ ಕಟ್ಟಿದ. ನೆರೆಮನೆಯ ಆಟೋದ ನೂರ್ ಮುಹಮ್ಮದ್ ಆಡು ಕಟ್ಟಿದಾಗಲೆಲ್ಲ ಯೋಗೀಶ ಹೋಗಿ, "ಹಗ್ಗ ಗಟ್ಟಿ ಉಂಟಾ ಮಾರಾಯ?" ಎಂದು ವಿಚಾರಿಸಿ ಬರುತ್ತಿದ್ದ.

ಹೂ ಬಂದದ್ದು ಎರಡು ಸಾವಿರದ ಹದಿನೇಳರ ಏಪ್ರಿಲಿನಲ್ಲಿ, ಗೆಡ್ಡೆ ಮನೆಗೆ ಬಂದು ಹದಿನಾಲ್ಕು ವರ್ಷಕ್ಕೆ. ಎಲೆಯಿಲ್ಲದ ಗೆಡ್ಡೆಯ ಪಕ್ಕದಿಂದ ದಪ್ಪ ದಂಟೊಂದು ಎದ್ದು, ಅದರ ತುದಿ ಒಡೆದು, ನೂರಾರು ಗುಲಾಬಿ ಬಣ್ಣದ ಹೂಗಳು ಒಟ್ಟಾಗಿ ಒಂದು ಚೆಂಡಾದವು. ಯೋಗೀಶ ಕೆಲಸಕ್ಕೆ ಮೂರು ದಿನ ರಜೆ ಹಾಕಿದ. ಮದುವೆಗೂ ಅವನು ಅಷ್ಟು ರಜೆ ಹಾಕಿರಲಿಲ್ಲ. ಕಾರ್ಖಾನೆಯ ಸಿಪ್ಪೆ ಸಾಲಿನ ಹೆಂಗಸರೆಲ್ಲ ಊಟದ ಬಿಡುವಿನಲ್ಲಿ ಬಂದು ನೋಡಿಹೋದರು. ಆಗ್ನೆಸ್ ಟೀಚರ್ ಕೇಕು ತಂದರು. ಹೂ ಬಾಡಿದ ಮೇಲೆ ತೊಟ್ಟುಗಳು ಉದ್ದವಾಗಿ ಒಣಗಿ, ಇಡೀ ಚೆಂಡು ಕಳಚಿ, ಗಾಳಿಗೆ ಅಂಗಳದ ತುಂಬ ಉರುಳತೊಡಗಿತು. ಐವತ್ತೊಂಬತ್ತು ವರ್ಷದ ಗಂಡಸು ಲುಂಗಿ ಎತ್ತಿ ಕಟ್ಟಿಕೊಂಡು ಅದರ ಹಿಂದೆ ಓಡುವುದನ್ನು ನೋಡಿ ತಾಯಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವನ್ನು ಹೇಮಾಕ್ಷಿ ಮುಂದೆ ಬಹಳ ಸಲ ನೆನೆಸಿಕೊಂಡಳು.

ಮರುವರ್ಷ ಇಬ್ಬರೂ ಕೆಲಸ ಬಿಟ್ಟರು. ಮೋಕ್ಷಾ ಕಂಕನಾಡಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿದಳು, ಮನೆಯಿಂದಲೇ ಹೋಗಿಬರುತ್ತಿದ್ದಳು.

ಮರೆವು ಯಾವಾಗ ಶುರುವಾಯಿತೆಂದು ಹೇಮಾಕ್ಷಿಗೆ ಸರಿಯಾಗಿ ಹೇಳಲಾಗದು. ಮೊದಲು ಹೆಸರುಗಳು ಹೋದವು. ಆಮೇಲೆ ದಾರಿ. ಮೀನು ತರಲು ಹೋದವನನ್ನು ಒಮ್ಮೆ ನೂರ್ ಮುಹಮ್ಮದ್ ನಂತೂರಿನ ಸರ್ಕಲಿನಿಂದ ಆಟೋದಲ್ಲಿ ಕರೆತಂದ. ಲಾರಿಗಳ ಮಧ್ಯೆ ನಿಂತು ಯಾವ ಗೋಣಿ ಯಾವ ದೇಶದ್ದೆಂದು ಡ್ರೈವರುಗಳನ್ನು ಕೇಳುತ್ತಿದ್ದನಂತೆ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಇದು ಹೆಚ್ಚಾಗುತ್ತ ಹೋಗುವ ಕಾಯಿಲೆ ಎಂದು ಮೋಕ್ಷಾಳ ಹತ್ತಿರ ಹೇಳಿದರು. ಮೋಕ್ಷಾ ಅದನ್ನು ಅಮ್ಮನಿಗೆ ಹೇಳಲು ಒಂದು ವಾರ ತೆಗೆದುಕೊಂಡಳು.

ಆಮೇಲೆ ಅವನು ನೀರು ಹಾಕತೊಡಗಿದ. ಬೆಳಿಗ್ಗೆ ಹಾಕಿದ್ದು ಮರೆತು ಮತ್ತೆ ಹಾಕುವುದು, ಅದನ್ನೂ ಮರೆತು ಪುನಃ. ಮಲಗಿದ ಗೆಡ್ಡೆಗೆ ಒಂದು ಹನಿ ಬೀಳಬಾರದೆಂದು ಇಪ್ಪತ್ತು ವರ್ಷ ಹೇಳಿದವನು ಅದೇ ಗೆಡ್ಡೆಗೆ ತಂಬಿಗೆಗಟ್ಟಲೆ ಸುರಿಯುತ್ತಿದ್ದ. ಹೇಮಾಕ್ಷಿ ತಡೆದರೆ ಸಿಟ್ಟಾಗುತ್ತಿದ್ದ, ಚಟ್ಟಿ ಕಾಣದಿದ್ದರೆ ಅಳುತ್ತಿದ್ದ. ಕೊನೆಗೆ ಅವಳು ಟಾಂಜಾನಿಯಾವನ್ನು ಅಡುಗೆಮನೆಯ ಹಿಂದಿನ ಮಾಡಿನ ಕೆಳಗೆ, ಸೌದೆಯ ಮರೆಯಲ್ಲಿ ಇಟ್ಟು, ಮೊದಲಿನ ಜಾಗದಲ್ಲಿ ಒಂದು ಕೆಸುವಿನ ಚಟ್ಟಿ ಇಟ್ಟಳು. ಅವನು ಅದಕ್ಕೆ ದಿನವಿಡೀ ನೀರು ಹಾಕಿದ. ಕೆಸು ಚೆನ್ನಾಗಿ ಬೆಳೆಯಿತು.

ಈಗ ಗೆಡ್ಡೆಯನ್ನು ನೋಡಿಕೊಳ್ಳುವವಳು ಅವಳೇ. ಎಷ್ಟೋ ಸಲ ಅವನು ಹೇಳಿದ್ದನ್ನು ಅರ್ಧ ಕಿವಿಯಲ್ಲಿ ಕೇಳಿಸಿಕೊಂಡಿದ್ದಳು. ಈಗ ಅದೆಲ್ಲ ಒಂದೊಂದಾಗಿ ನೆನಪಾಗುತ್ತಿತ್ತು. ಜೂನಿನಲ್ಲಿ ಮಳೆಯ ಎರಚಲಿಗೆ ಅಡ್ಡವಾಗಿ ತಗಡು ಇಟ್ಟಳು. ಡಿಸೆಂಬರಿನಲ್ಲಿ ಒಣಗಿದ ಎಲೆಗಳನ್ನು ಎಳೆಯದೆ, ತಾವಾಗಿ ಬೀಳುವವರೆಗೆ ಕಾದಳು. ಗೆಡ್ಡೆ ಆಗ ಸಣ್ಣ ತೆಂಗಿನಕಾಯಿಯಷ್ಟಾಗಿತ್ತು.

ಎರಡು ಸಾವಿರದ ಇಪ್ಪತ್ತನಾಲ್ಕರ ಮಾರ್ಚ್, ಮೊದಲ ಆದಿತ್ಯವಾರ. ಕೋಳಿ ತಂದಾಗಿತ್ತು. ಆದಿತ್ಯವಾರದ ಕೋಳಿಗೆ ನೀರುಳ್ಳಿ ಕೊಯ್ದುಕೊಡುವುದು ಮದುವೆಯಾದಂದಿನಿಂದ ಯೋಗೀಶನ ಕೆಲಸವಾಗಿತ್ತು. ಎಲ್ಲ ಮರೆತರೂ ಆ ಕೆಲಸದ ನೆನಪು ಅವನ ಕೈಯಲ್ಲಿತ್ತು. ಹೇಮಾಕ್ಷಿ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರಲು ಹೋದವಳು ಹತ್ತು ನಿಮಿಷದಲ್ಲಿ ಬಂದಳು. ಮೋಕ್ಷಾ ಬಟ್ಟೆ ಒಗೆಯುತ್ತಿದ್ದಳು.

ಯೋಗೀಶ ಅಡುಗೆಮನೆಯ ನೆಲದಲ್ಲಿ ಮೆಟ್ಟುಕತ್ತಿಯ ಮುಂದೆ ಕೂತಿದ್ದ. ಸುತ್ತ ಕಂದು ಕಾಗದದಂಥ ಪೊರೆ ಹರಡಿತ್ತು. ಹಿತ್ತಿಲಿನ ಬಾಗಿಲ ಹತ್ತಿರ ಮಗುಚಿದ ಚಟ್ಟಿ, ಅದಕ್ಕೆ ಕಟ್ಟಿದ್ದ ತಗಡು. ಹಲಗೆಯ ಮೇಲೆ ಬಿಳಿಯ ದಪ್ಪ ಹೋಳುಗಳು. ಅವನ ಎಡಗೈಯ ತೋರುಬೆರಳಿನಿಂದ ರಕ್ತ ಒಸರುತ್ತಿತ್ತು.

"ದೊಡ್ಡ ನೀರುಳ್ಳಿ ಸಿಕ್ಕಿತು" ಎಂದ ಅವನು ಸಂತೋಷದಿಂದ. "ಕಣ್ಣೇ ಉರಿಯುವುದಿಲ್ಲ ಇದು."

ಹೇಮಾಕ್ಷಿ ಏನು ಮಾಡಿದಳೆಂದು ಅವಳಿಗೇ ಆಮೇಲೆ ಗೊತ್ತಾದದ್ದು. ಓಡಿ ಬಂದು ಅವನ ಕೈಗೆ ಹೊಡೆದಳು. ಮೆಲ್ಲಗಲ್ಲ. ಹೋಳು ನೆಲಕ್ಕೆ ಬಿತ್ತು. "ಎಂತ ಮಾಡಿದಿರಿ ನೀವು, ಎಂತ ಮಾಡಿದಿರಿ" ಎನ್ನುತ್ತ ಇನ್ನೊಂದು ಸಲ ಹೊಡೆದಳು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವರಿಬ್ಬರ ನಡುವೆ ಕೈ ಎದ್ದದ್ದು ಅದೊಂದೇ ದಿನ.

ಅವನು ಕೈಯನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದ. ಅವಳ ಮುಖವನ್ನು ಹೆದರಿಕೆಯಿಂದ ನೋಡಿದ. ಆ ಕಣ್ಣುಗಳಲ್ಲಿ ಗುರುತು ಇರಲಿಲ್ಲ.

"ತಪ್ಪಾಯ್ತು ಅಕ್ಕ" ಎಂದ. "ನಿಮ್ಮ ನೀರುಳ್ಳಿ ಅಂತ ಗೊತ್ತಿರಲಿಲ್ಲ."

ಅಷ್ಟರಲ್ಲಿ ಮೋಕ್ಷಾ ಬಂದಳು. ಅವಳು ಕಂಡದ್ದು ರಕ್ತ ಮತ್ತು ಗೆಡ್ಡೆ ಮಾತ್ರ. ಅಪ್ಪನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿ ತೊಳೆದಳು, ಬಾಯಿ ತೆರೆಸಿ ನೋಡಿದಳು. "ತಿಂದಿರಾ ಪಪ್ಪ? ಬಾಯಿಗೆ ಹಾಕಿದ್ರಾ?" ಅವನು ಒಮ್ಮೆ ಹೌದೆಂದ, ಒಮ್ಮೆ ಇಲ್ಲವೆಂದ. ನೂರ್ ಮುಹಮ್ಮದ್ ಊಟಕ್ಕೆ ಕೂತವನು ಕೈ ತೊಳೆದು ಆಟೋ ತೆಗೆದ. ಕಂಕನಾಡಿಯ ಆಸ್ಪತ್ರೆಯವರೆಗೂ ಯೋಗೀಶ ಹೇಮಾಕ್ಷಿಯ ಪಕ್ಕ ಕೂರಲು ಒಪ್ಪದೆ ಮಗಳ ಆ ಕಡೆ ಕೂತಿದ್ದ.

ಆಸ್ಪತ್ರೆಯಲ್ಲಿ ಯಾವ ಗಿಡವೆಂದು ಕೇಳಿದರು. ಟಾಂಜಾನಿಯಾ ಎಂದಳು ಹೇಮಾಕ್ಷಿ. ಮೋಕ್ಷಾ ಆಗ್ನೆಸ್ ಟೀಚರಿಗೆ ಫೋನು ಮಾಡಿ ಡಾಕ್ಟರ ಕೈಗೆ ಕೊಟ್ಟಳು. ಗಾಯ ಸಣ್ಣದು, ಹೊಟ್ಟೆಗೆ ಹೋದಂತಿಲ್ಲ, ಆದರೂ ಮರುದಿನದವರೆಗೆ ಇಲ್ಲೇ ಇರಲಿ ಎಂದರು. ಎದೆಯ ಬಡಿತ ನೋಡುವ ಯಂತ್ರ ಹಾಕಿದರು. ಏನೂ ಆಗಲಿಲ್ಲ. ಮರುದಿನ ಮಧ್ಯಾಹ್ನ ಅವನು ಹೇಮಾಕ್ಷಿಯ ಕೈ ಹಿಡಿದುಕೊಂಡೇ ಆಸ್ಪತ್ರೆಯ ಮೆಟ್ಟಿಲು ಇಳಿದ. ಹಿಂದಿನ ದಿನದ್ದು ಅವನಿಗೆ ಏನೂ ನೆನಪಿರಲಿಲ್ಲ.

ಮನೆಗೆ ಬಂದರೆ ಅಡುಗೆಮನೆ ತೊಳೆದು ಸ್ವಚ್ಛವಾಗಿತ್ತು. ಮೋಕ್ಷಾ ಬೆಳಿಗ್ಗೆಯೇ ಬಂದು ಎಲ್ಲ ಗುಡಿಸಿದ್ದಳು.

"ಅದು ಎಲ್ಲಿ?" ಎಂದು ಹೇಮಾಕ್ಷಿ ಕೇಳಿದಳು.

"ಯಾವುದು?"

"ಹೋಳುಗಳು."

ಮೋಕ್ಷಾ ಅವಳನ್ನೇ ನೋಡಿದಳು. "ಗೇಟಿನ ಹತ್ತಿರ, ಕಸದ ಗಾಡಿಗೆ ಇಟ್ಟಿದ್ದೇನೆ. ಪಪ್ಪ ಸಾಯುತ್ತಿದ್ದರು ಅಮ್ಮ. ನಿಮಗೆ ಈಗಲೂ ಗೆಡ್ಡೆಯದ್ದೇ ಚಿಂತೆಯಾ?"

ಹೇಮಾಕ್ಷಿ ಅಂಗಳಕ್ಕೆ ಇಳಿದಳು. ಗೇಟಿಗೆ ಹೋಗಿ ಪ್ಲಾಸ್ಟಿಕ್ ಚೀಲವನ್ನು ಎತ್ತಿಕೊಂಡು ಬಂದಳು. ಬೇರು ಹೊರಡುವ ಬುಡದ ಗಟ್ಟಿ ಭಾಗ ಅಂಟಿಕೊಂಡಿದ್ದ ಏಳು ಹೋಳುಗಳನ್ನು ಆರಿಸಿದಳು. ಅಂಥ ತುಂಡುಗಳಿಂದ ಕೆಲವೊಮ್ಮೆ ಮರಿ ಹುಟ್ಟುತ್ತದೆಂದು ಆಗ್ನೆಸ್ ಟೀಚರ್ ಹಿಂದಿನ ರಾತ್ರಿ ಅವಳಿಗೆ ಫೋನಿನಲ್ಲಿ ಹೇಳಿದ್ದರು, ಆದರೆ ಆ ಮನೆಯಲ್ಲಿ ಇನ್ನು ಬೇಡವೆಂದೂ ಹೇಳಿದ್ದರು. ಸಂಜೆ ಅವರೇ ಬಂದು ತುಂಡುಗಳನ್ನು ಕಾಗದದಲ್ಲಿ ಸುತ್ತಿ ಒಯ್ದರು. ಮೋಕ್ಷಾ ಅವರಿಗೆ ಚಾ ಮಾಡಿಕೊಟ್ಟಳು. ಅಮ್ಮನ ಜೊತೆ ಮಾತ್ರ ಎರಡು ದಿನ ಮಾತಾಡಲಿಲ್ಲ.

ಆ ಮಳೆಗಾಲ ಯೋಗೀಶ ಹೆಚ್ಚು ಹೊತ್ತು ಜಗಲಿಯಲ್ಲೇ ಕೂತಿರುತ್ತಿದ್ದ. ಕೆಸುವಿಗೆ ನೀರು ಹಾಕುವುದನ್ನೂ ಬಿಟ್ಟ. ಒಂದು ದಿನ ಇದ್ದಕ್ಕಿದ್ದಂತೆ ಮಾಡಿನ ಅಂಚಿಗೆ ಬೆರಳು ತೋರಿಸಿ ಕೇಳಿದ.

"ಅಲ್ಲಿ ಎಂತ ಇತ್ತು?"

"ಒಂದು ಗಿಡ."

"ಯಾರದ್ದು?"

"ನಿಮ್ಮದೇ."

"ಚಂದ ಇತ್ತಾ?"

"ಇತ್ತು" ಎಂದಳು ಹೇಮಾಕ್ಷಿ. ಸೆರಗಿನಿಂದ ಅವನ ಬಾಯಿಯ ಅಂಚು ಒರೆಸಿ ಒಳಗೆ ಹೋದಳು.

ಜನವರಿಯಲ್ಲಿ ಅವನಿಗೆ ಕಫ ಕಟ್ಟಿತು. ನುಂಗಲು ಮರೆತವನಿಗೆ ಗಂಜಿಯೂ ಗಂಟಲಲ್ಲಿ ನಿಲ್ಲುತ್ತಿತ್ತು. ಹನ್ನೊಂದು ದಿನ ಮಲಗಿದ್ದು, ಒಂದು ಬೆಳಿಗ್ಗೆ ಅವಳು ಬಿಸಿನೀರಿನ ಬಟ್ಟೆಯಲ್ಲಿ ಮೈ ಒರೆಸುತ್ತಿರುವಾಗಲೇ ಹೋದ. ಕಾರ್ಖಾನೆಯ ಹಳಬರು ಬಂದರು. ರೈಟರ ಅಕ್ಷರದ ಬಗ್ಗೆ ಮಾತಾಡಿದರು.

ಉತ್ತರಕ್ರಿಯೆ ಎಲ್ಲ ಮುಗಿದು, ಮಳೆಗಾಲವೂ ಅರ್ಧ ಕಳೆದ ಮೇಲೆ ಹೇಮಾಕ್ಷಿ ಒಂದು ಶನಿವಾರ ಸಿಟಿ ಬಸ್ಸಿನಲ್ಲಿ ಕಂಕನಾಡಿಗೆ ಹೋದಳು. ಆಗ್ನೆಸ್ ಟೀಚರಿಗೆ ಈಗ ಮೊಣಕಾಲು ನೋವು. ತಾರಸಿಯ ಮೆಟ್ಟಿಲನ್ನು ಕಂಬಿ ಹಿಡಿದು ನಿಧಾನವಾಗಿ ಹತ್ತಿದರು. ಏಳು ಹೋಳುಗಳಲ್ಲಿ ಐದು ಮೊದಲ ಮಳೆಗಾಲದಲ್ಲೇ ಕೊಳೆತಿದ್ದವು. ಒಂದು ಒಣಗಿ ಚಕ್ಕೆಯಾಯಿತು. ಉಳಿದ ಒಂದರ ಪದರಗಳ ಸಂದಿಯಲ್ಲಿ ಅಕ್ಕಿಕಾಳಿನಂಥದೊಂದು ಮರಿ ಹುಟ್ಟಿ, ಅದನ್ನು ಟೀಚರ್ ಬೇರೆ ಮಾಡಿ ಚಾದ ಲೋಟದಷ್ಟಿನ ಚಟ್ಟಿಯಲ್ಲಿ ನೆಟ್ಟಿದ್ದರು. ಹುಲ್ಲಿನ ಎಸಳಿನಂಥ ಒಂದೇ ಎಲೆ. ಬೀಸಣಿಗೆಯ ಲಕ್ಷಣವೇನೂ ಇರಲಿಲ್ಲ.

"ಹೂ ಬಿಡಬೇಕಾದರೆ ಇನ್ನು ಹದಿನೈದು ವರ್ಷ" ಎಂದರು ಟೀಚರ್. "ನಾನಂತೂ ಇರುವುದಿಲ್ಲ."

"ನಾನು ಇದ್ದರೂ ಯಾರಿಗೆ ತೋರಿಸಲಿ?" ಎಂದಳು ಹೇಮಾಕ್ಷಿ.

ಇಬ್ಬರೂ ನೀರಿನ ಟಾಂಕಿಯ ನೆರಳಿನಲ್ಲಿ ಕೂತರು. ಕೆಳಗೆ ಮಾರ್ಕೆಟಿನ ಸದ್ದು, ಬಸ್ಸುಗಳ ಹಾರನ್ನು.

"ಟೀಚರ್, ಅವತ್ತು ನಾನು ಅವರಿಗೆ ಹೊಡೆದೆ. ಕೈಗೆ, ಎರಡು ಸಲ. ಮೋಕ್ಷಾಳಿಗೆ ಗೊತ್ತಿಲ್ಲ. ವಿಷ ಅಂತ ಹೆದರಿ ಹೊಡೆದದ್ದು ಅಂತ ನನಗೆ ನಾನೇ ಹೇಳಿಕೊಂಡೆ. ಹಾಗಲ್ಲ. ಗಿಡ ಹೋಯ್ತು ಅಂತ ಹೊಡೆದದ್ದು. ಅವರು ನೆನಪಿಟ್ಟುಕೊಂಡು ಮಾಡಿದ್ದರಲ್ಲಿ ಉಳಿದದ್ದು ಅದೊಂದೇ ಇತ್ತು, ಅದನ್ನೂ ಅವರೇ..."

ಟೀಚರ್ ಅವಳ ಕಡೆ ತಿರುಗಲಿಲ್ಲ.

"ಅವರಿಗೆ ನೆನಪಿರಲಿಲ್ಲ ಹೇಮಾಕ್ಷಿ."

"ನನಗೆ ಉಂಟಲ್ಲ."

ಟೀಚರ್ ಕೈ ಚಾಚಿ ಅವಳ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಬೀಜದ ಸಿಪ್ಪೆ ಸುಲಿದು ಸುಲಿದು ಬೆರಳ ತುದಿ ಒರಟಾದ ಕೈ. ಮಳೆಯ ಹನಿ ಬೀಳುವವರೆಗೆ ಹಾಗೆಯೇ ಕೂತಿದ್ದರು.

ಹೊರಡುವಾಗ ಟೀಚರ್ ಚಟ್ಟಿಯನ್ನು ಕೊಡಲು ಬಂದರು. ಹೇಮಾಕ್ಷಿ ಬೇಡವೆಂದಳು. ಮನೆಯಲ್ಲಿ ಮೋಕ್ಷಾಳಿಗೆ ಅದನ್ನು ಕಂಡರಾಗದು ಎಂದಳು. ಅದು ನಿಜವೂ ಆಗಿತ್ತು.

ಮುಂದಿನ ತಿಂಗಳು ಅವಳು ಕಂಕನಾಡಿಗೆ ಹೋಗಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಟೀಚರ ಫೋನು ಬಂತು. ಮೊದಲ ಎಲೆಯ ಎದುರು ಬದಿಗೆ ಎರಡನೆಯ ಎಲೆ ಹೊರಟಿದೆ ಎಂದರು.

"ಹೌದಾ" ಎಂದಳು ಹೇಮಾಕ್ಷಿ. ಇನ್ನೇನೂ ಕೇಳಬಾರದೆಂದುಕೊಂಡಳು. ಹೊರಗೆ ಗಾಳಿ ಸಮೇತ ಮಳೆ ಬರುತ್ತಿತ್ತು.

"ತಾರಸಿಯಲ್ಲಿ ಎರಚಲು ಬೀಳ್ತದೆ ಟೀಚರ್" ಎಂದಳು ಆಮೇಲೆ. "ಒಳಗೆ ಇಡಿ. ಬೆಳಕು ಸಾಕು ಅದಕ್ಕೆ, ನೀರು ಆಗುವುದಿಲ್ಲ."